ಲಂಡನ್ ಕಡೆ ಬೆರಳು ತೋರಿಸಲಾಗದ ಪ್ರಶ್ನೆ

2021ರ ಮೇ ತಿಂಗಳ ಚುನಾವಣೆ ಮುಗಿದ ಮೇಲೆ ಎಡಿನ್‌ಬರೋದಲ್ಲಿರುವ ನನಗೆ ಎಂಟು ಜನ ಶಾಸಕರಾದರು. ಊರಿಗೆ ಫೋನ್ ಮಾಡಿದಾಗ ಇದನ್ನು ಹೇಳಿದರೆ ಅಣ್ಣ ನಕ್ಕ. "ನಮಗೆ ಇರೋ ಒಬ್ಬರನ್ನ ಹಿಡಿಯೋದೇ ಕಷ್ಟ, ನಿಂಗೆ ಎಂಟಾ?" ಅಂದ.

ಸ್ಕಾಟ್ಲೆಂಡ್ ಪಾರ್ಲಿಮೆಂಟಿನ ಲೆಕ್ಕವೇ ಹಾಗೆ. ಒಟ್ಟು 129 ಸದಸ್ಯರು. ಅದರಲ್ಲಿ 73 ಜನ ನಮ್ಮ ಎಂಎಲ್‌ಎಗಳ ಹಾಗೆ ಒಂದೊಂದು ಕ್ಷೇತ್ರದಿಂದ ಗೆದ್ದು ಬರುತ್ತಾರೆ. ಉಳಿದ 56 ಜನ ವಲಯದ ಸದಸ್ಯರು. ಇಡೀ ಸ್ಕಾಟ್ಲೆಂಡನ್ನು ಎಂಟು ವಲಯ ಮಾಡಿ, ವಲಯಕ್ಕೆ ಏಳು ಜನರಂತೆ, ಪಕ್ಷಗಳಿಗೆ ಬಿದ್ದ ಮತ ನೋಡಿ ಸೀಟು ಹಂಚುತ್ತಾರೆ. ಅದಕ್ಕೇ ಮತಗಟ್ಟೆಯಲ್ಲಿ ಎರಡು ಚೀಟಿ ಕೊಡುತ್ತಾರೆ. ಒಂದು ತಿಳಿ ನೇರಳೆ ಬಣ್ಣದ್ದು, ಇನ್ನೊಂದು ಪೀಚ್ ಹಣ್ಣಿನ ಬಣ್ಣದ್ದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಎರಡರ ಮೇಲೂ ಗುರುತು ಹಾಕಿ ಬಂದೆ. ಕಾಮನ್‌ವೆಲ್ತ್ ದೇಶಗಳವರಿಗೆ ಇಲ್ಲಿ ಮೊದಲಿಂದಲೂ ಮತ ಇದೆ. 2020ರ ಕಾನೂನು ಬಂದ ಮೇಲೆ ಬೇರೆ ದೇಶಗಳಿಂದ ಬಂದು ಕಾನೂನು ಪ್ರಕಾರ ನೆಲೆಸಿರುವವರಿಗೂ ಸಿಕ್ಕಿದೆ.

ಎಂಟು ಜನ ಅಂದರೆ ಎಂಟು ಬಾಯಿ ಅಂದುಕೊಳ್ಳಬೇಡಿ. ನಮ್ಮ ಎಡಿನ್‌ಬರೋ ಸೆಂಟ್ರಲ್ ಕ್ಷೇತ್ರದಲ್ಲಿ ಗೆದ್ದ ಆಂಗಸ್ ರಾಬರ್ಟ್‌ಸನ್ ಮಂತ್ರಿಯಾದರು. ನಮ್ಮ ಲೋಥಿಯನ್ ವಲಯದ ಏಳು ಜನರಲ್ಲಿ ಆಲಿಸನ್ ಜಾನ್‌ಸ್ಟೋನ್ ಸಭಾಧ್ಯಕ್ಷೆಯ ಕುರ್ಚಿಗೆ ಹೋದರು. ಗ್ರೀನ್ ಪಕ್ಷದ ಲೋರ್ನಾ ಸ್ಲೇಟರ್ ಅದೇ ಆಗಸ್ಟ್‌ನಲ್ಲಿ ಮಂತ್ರಿಯಾದರು. ಮಂತ್ರಿ ಉತ್ತರ ಕೊಡಬೇಕು, ಪ್ರಶ್ನೆ ಕೇಳೋ ಹಾಗಿಲ್ಲ. ಸಭಾಧ್ಯಕ್ಷರು ಎರಡೂ ಮಾಡೋ ಹಾಗಿಲ್ಲ. ಹೀಗೆ ನನ್ನ ಪರವಾಗಿ ಸರ್ಕಾರವನ್ನು ಕೇಳುವವರು ಐದೇ ಜನ ಉಳಿದರು, ಮೂವರು ಕನ್ಸರ್ವೇಟಿವ್, ಇಬ್ಬರು ಲೇಬರ್. ಐವರೂ ವಿರೋಧ ಪಕ್ಷದವರು, ಐವರೂ ವಲಯದಿಂದ ಬಂದವರು. ಕ್ಷೇತ್ರದಲ್ಲಿ ಗೆದ್ದವರು ವಲಯದವರನ್ನು ಸ್ವಲ್ಪ ಕಡಿಮೆಯಾಗಿ ನೋಡುತ್ತಾರೆ ಅನ್ನುವ ಮಾತು ಇಲ್ಲಿ ಆಗಾಗ ಕೇಳಿಬರುತ್ತೆ. ಪಟ್ಟಿಯಲ್ಲಿ ಹೆಸರಿತ್ತು, ಒಳಗೆ ಬಂದರು ಅಂತ. ನನಗಂತೂ ಉಪಯೋಗಕ್ಕೆ ಬಂದಿದ್ದು ಅವರೇ.

ಟಿವಿಯಲ್ಲಿ ತೋರಿಸೋದು ಗುರುವಾರ ಮಧ್ಯಾಹ್ನ 12ಕ್ಕೆ ಶುರುವಾಗುವ ಫಸ್ಟ್ ಮಿನಿಸ್ಟರ್, ಅಂದರೆ ಇಲ್ಲಿನ ಮುಖ್ಯಮಂತ್ರಿಯ, ಪ್ರಶ್ನೋತ್ತರವನ್ನು. ಮುಕ್ಕಾಲು ಗಂಟೆ. ವಿರೋಧ ಪಕ್ಷದ ನಾಯಕರು ಎದ್ದು ನಿಂತು ಚುಚ್ಚುತ್ತಾರೆ, ಫಸ್ಟ್ ಮಿನಿಸ್ಟರ್ ತಿರುಗಿ ಚುಚ್ಚುತ್ತಾರೆ, ಹಿಂದಿನ ಸಾಲಿನವರು ಮೇಜು ಕುಟ್ಟುತ್ತಾರೆ. ರಾತ್ರಿ ಸುದ್ದಿಗೆ ಇಪ್ಪತ್ತು ಸೆಕೆಂಡಿನ ಒಂದು ತುಣುಕು ಸಿಕ್ಕರೆ ಎಲ್ಲರಿಗೂ ಖುಷಿ. ನನಗೆ ಇಷ್ಟ ಅದಕ್ಕೂ ಮುಂಚಿನ ಇಪ್ಪತ್ತು ನಿಮಿಷ. 11.40ಕ್ಕೆ ಶುರುವಾಗುವ ಸಾಮಾನ್ಯ ಪ್ರಶ್ನೆಗಳ ಹೊತ್ತು. ಆಗ ಅರ್ಧ ಸದನ ಖಾಲಿ. ಗ್ಯಾಲರಿಗೆ ಬಂದ ಶಾಲೆಯ ಮಕ್ಕಳು ಇನ್ನೂ ಕೂರುತ್ತಿರುತ್ತಾರೆ. ಬಸ್ಸು, ಆಸ್ಪತ್ರೆ, ಸೇತುವೆ, ಮೀನುಗಾರರ ಪರವಾನಗಿ, ಇಂಥವು ಬರುತ್ತವೆ.

ಇದು ನಡೆಯುವ ರೀತಿ ಹೀಗೆ. ಕೇಳಬೇಕು ಅನ್ನುವ ಸದಸ್ಯರು ಮೊದಲು ಹೆಸರು ಕೊಡಬೇಕು. ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಕೆಲವರನ್ನು ಆರಿಸುತ್ತೆ. ಆರಿಸಿದವರ ಪ್ರಶ್ನೆ ಕೆಲವು ದಿನ ಮುಂಚೆಯೇ ಅಚ್ಚಾಗುತ್ತೆ. ಅಂದರೆ ಮೊದಲ ಪ್ರಶ್ನೆ ಮಂತ್ರಿಗೆ ಗೊತ್ತಿರುತ್ತೆ, ಉತ್ತರವನ್ನು ಅಧಿಕಾರಿಗಳು ಬರೆದುಕೊಟ್ಟಿರುತ್ತಾರೆ, ಅವರು ಓದುತ್ತಾರೆ ಅಷ್ಟೇ. ಅಸಲಿ ಆಟ ಆಮೇಲಿನ ಉಪಪ್ರಶ್ನೆಯದು. ಅದು ಮಂತ್ರಿಗೆ ಮೊದಲೇ ಗೊತ್ತಿರಲ್ಲ. ನಮ್ಮ ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ "ಉತ್ತರ ಮಂಡಿಸಲಾಗಿದೆ" ಎಂದ ಮೇಲೆ ನಿಜವಾದ ಮಾತು ಶುರುವಾಗುತ್ತಲ್ಲ, ಥೇಟ್ ಹಾಗೇ. ಜಾಣ ಸದಸ್ಯರ ಮೊದಲ ಪ್ರಶ್ನೆ ಸಪ್ಪೆಯಾಗಿರುತ್ತೆ. ಬೇಕಂತಲೇ.

ಇನ್ನು ಒಂದು ಕಟ್ಟುಪಾಡು ಇದೆ. ಸ್ಕಾಟ್ಲೆಂಡ್ ಸರ್ಕಾರದ ಹೊಣೆಗೆ ಸೇರಿದ ವಿಷಯದ ಬಗ್ಗೆ ಮಾತ್ರ ಕೇಳಬೇಕು. 1998ರ ಸ್ಕಾಟ್ಲೆಂಡ್ ಕಾಯ್ದೆ ರಕ್ಷಣೆ, ವಿದೇಶಾಂಗ, ವಲಸೆ, ಇಂಧನದ ಬಹುಭಾಗ, ಪ್ರಸಾರ ಇವನ್ನೆಲ್ಲ ಲಂಡನ್‌ಗೆ, ಅಂದರೆ ಬ್ರಿಟನ್ ಸರ್ಕಾರಕ್ಕೆ, ಇಟ್ಟಿತು. ಆರೋಗ್ಯ, ಶಿಕ್ಷಣ, ಪೊಲೀಸ್, ರಸ್ತೆ, ಕೃಷಿ ಎಡಿನ್‌ಬರೋಗೆ ಬಂತು. (ವಿದೇಶಾಂಗ ಲಂಡನ್ ಕೈಯಲ್ಲಿದ್ದರೂ ರಾಬರ್ಟ್‌ಸನ್ ಅವರ ಖಾತೆಯ ಹೆಸರಲ್ಲಿ ಹೊರದೇಶದ ವ್ಯವಹಾರವೂ ಇತ್ತು. ಅದರ ಬಗ್ಗೆ ಜಗಳ ಆಗಾಗ ಆಗುತ್ತೆ.) ಹಾಗಾದರೆ ವೀಸಾ ನಿಯಮದಿಂದ ತನ್ನೂರಿನ ವೃದ್ಧಾಶ್ರಮಕ್ಕೆ ಕೆಲಸದವರು ಸಿಗುತ್ತಿಲ್ಲ ಅಂತ ಒಬ್ಬ ಸದಸ್ಯ ಕೇಳೋದು ಹೇಗೆ? ಅದಕ್ಕೊಂದು ಸಲೀಸಾದ ದಾರಿ ಮಾಡಿಕೊಂಡಿದ್ದಾರೆ. "ಈ ಬಗ್ಗೆ ಬ್ರಿಟನ್ ಸರ್ಕಾರದ ಜೊತೆ ಸ್ಕಾಟ್ಲೆಂಡ್ ಸರ್ಕಾರ ಯಾವ ಚರ್ಚೆ ನಡೆಸಿದೆ?" ಅಂತ ಕೇಳೋದು. ಚರ್ಚೆ ನಡೆಸೋದು ನಮ್ಮ ಸರ್ಕಾರದ ಕೆಲಸ, ಹಾಗಾಗಿ ಪ್ರಶ್ನೆ ನಿಯಮದೊಳಗೇ ಇದೆ! ವಾರದ ಪಟ್ಟಿ ತೆಗೆದು ನೋಡಿದರೆ ಈ ಸಾಲು ಸಿಗದೇ ಇರೋದು ಕಡಿಮೆ. ಗ್ರೇಂಜ್‌ಮೌತ್‌ನ ತೈಲ ಸಂಸ್ಕರಣಾ ಘಟಕ 2025ರ ಏಪ್ರಿಲ್‌ನಲ್ಲಿ ಕೆಲಸ ನಿಲ್ಲಿಸಿತಲ್ಲ, ಅದರ ಬಗ್ಗೆ ಕೇಳುವವರಿಗೂ ಇದೇ ಸಾಲು ದಾರಿ. ಕೆಲಸ ಹೋಗೋದು ಇಲ್ಲಿ, ಇಂಧನ ನೀತಿ ಅಲ್ಲಿ.

ಈ ಸಾಲಿನ ಬಗ್ಗೆ ನನಗೆ ತಕರಾರಿದೆ. ಕೇಳುವವರಿಗೆ ಎಷ್ಟು ಸಲೀಸೋ, ಉತ್ತರ ಕೊಡುವವರಿಗೂ ಅಷ್ಟೇ ಸಲೀಸು. ಆಡಳಿತ ಪಕ್ಷದ ಸದಸ್ಯ ಕೇಳಿದರೆ ಮಂತ್ರಿಗೆ ಹಬ್ಬ. ಎದ್ದು ನಿಂತು "ಲಂಡನ್‌ಗೆ ಪತ್ರ ಬರೆದಿದ್ದೇವೆ, ಉತ್ತರ ಬಂದಿಲ್ಲ" ಅಂದರೆ ಮುಗೀತು. ವಿರೋಧ ಪಕ್ಷದವರು ಕೇಳಿದರೂ ಉತ್ತರ ಹೆಚ್ಚು ಕಡಿಮೆ ಅದೇ. ಮೇಲೊಂದು ಸರ್ಕಾರ ಇದೆ ಅನ್ನೋದು ಕೆಳಗಿನ ಸರ್ಕಾರಕ್ಕೆ ಎಂಥ ಆರಾಮು ಅಂತ ನನಗೆ ಅರ್ಥವಾಗಿದ್ದು ಈ ಇಪ್ಪತ್ತು ನಿಮಿಷಗಳನ್ನು ನೋಡುತ್ತಾ.

ಬಾಟಲಿ ಠೇವಣಿ ಯೋಜನೆಯ ಕಥೆ ಕೇಳಿ. ನೀರು, ಬಿಯರ್, ಏನೇ ಬಾಟಲಿ ಕೊಂಡರೂ 20 ಪೆನ್ಸ್ ಹೆಚ್ಚು ಕೊಡಬೇಕು, ಖಾಲಿ ಬಾಟಲಿ ತಂದುಕೊಟ್ಟರೆ ಆ ದುಡ್ಡು ವಾಪಸ್. ಇದನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ವಲಯದ ಸ್ಲೇಟರ್. 2023ರ ಆಗಸ್ಟ್‌ಗೆ ಶುರುವಾಗಬೇಕಿತ್ತು. ಸಣ್ಣ ಅಂಗಡಿಯವರು, ಬಿಯರ್ ತಯಾರಿಸುವವರು ಗಲಾಟೆ ಮಾಡಿದರು. ಮುಂದಿನ ವರ್ಷದ ಮಾರ್ಚ್‌ಗೆ ಹೋಯಿತು. ಅಷ್ಟರಲ್ಲಿ ಲಂಡನ್, ಗಾಜಿನ ಬಾಟಲಿ ಬಿಟ್ಟರೆ ಮಾತ್ರ ಒಪ್ಪಿಗೆ ಅಂದಿತು. 2023ರ ಜೂನ್‌ನಲ್ಲಿ ಇಡೀ ಯೋಜನೆಯನ್ನು 2025ರ ಅಕ್ಟೋಬರ್‌ವರೆಗೆ ಮುಂದೂಡಿದರು. ಸದನದಲ್ಲಿ ಕೇಳಿದ್ದೇ ಕೇಳಿದ್ದು. ವಿರೋಧ ಪಕ್ಷದವರು "ನಿಮ್ಮ ಅವ್ಯವಸ್ಥೆ" ಅಂದರು. ಸರ್ಕಾರ "ಲಂಡನ್ ಹಾಳು ಮಾಡಿತು" ಅಂದಿತು. ನನ್ನ ಕೇಳಿದರೆ ಎರಡೂ ನಿಜ. ತಯಾರಿ ಕಳಪೆಯಾಗಿತ್ತು, ಲಂಡನ್ನಿನ ಗಾಜಿನ ಷರತ್ತು ಕೊನೇ ಹೊತ್ತಲ್ಲಿ ಬಂತು. ಎರಡೂ ನಿಜವಾದಾಗ ಪ್ರಶ್ನೆಗೆ ಬಲವೇ ಇರಲ್ಲ. ಯಾರಿಗೆ ಎಷ್ಟು ಪಾಲು ಅಂತ ಕೊನೆಗೂ ತೀರ್ಮಾನ ಆಗಲಿಲ್ಲ.

ಕಣ್ಣಾಸ್ಪತ್ರೆಯದು ಇನ್ನೊಂದು. ಎಡಿನ್‌ಬರೋದ ಪ್ರಿನ್ಸೆಸ್ ಅಲೆಕ್ಸಾಂಡ್ರಾ ಐ ಪೆವಿಲಿಯನ್ 1969ರದ್ದು. ಕಟ್ಟಡ ಇನ್ನು ಕೆಲಸಕ್ಕೆ ಬರಲ್ಲ ಅಂತ ವರ್ಷಗಳಿಂದ ಹೇಳುತ್ತಲೇ ಇದ್ದಾರೆ. 2020ರ ಕೊನೆಗೆ ಸರ್ಕಾರ ಹೊಸ ಆಸ್ಪತ್ರೆಗೆ ದುಡ್ಡಿಲ್ಲ ಅಂದಿತು. ಚುನಾವಣೆ ಹತ್ತಿರ ಬಂದಾಗ ಇದೆ ಅಂದಿತು. 2024ರ ಶುರುವಲ್ಲಿ ಎಲ್ಲ ಹೊಸ ಆಸ್ಪತ್ರೆ ಕಟ್ಟಡಗಳನ್ನೂ ತಡೆಹಿಡಿಯಿತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಕೊಳಚೆ ನೀರಿನ ಪೈಪು ರಿಪೇರಿಗೆ ಅಂತ ಹಳೇ ಕಟ್ಟಡವನ್ನೇ ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ರೋಗಿಗಳು ಬೇರೆ ಬೇರೆ ಕಡೆ ಅಲೆದರು. ನನ್ನ ಐವರಲ್ಲಿ ಕನ್ಸರ್ವೇಟಿವ್ ಪಕ್ಷದ ಮೈಲ್ಸ್ ಬ್ರಿಗ್ಸ್, ಲೇಬರ್‌ನ ಸಾರಾ ಬೋಯಾಕ್ ಇಬ್ಬರೂ ಇದನ್ನು ಎತ್ತುತ್ತಾ ಬಂದಿದ್ದಾರೆ. ಬದ್ಧ ವಿರೋಧಿ ಪಕ್ಷಗಳವರು, ಒಂದೇ ಆಸ್ಪತ್ರೆ. ಆಗ ಸರ್ಕಾರದ ವಾದ ಏನಿತ್ತೆಂದರೆ, ಲಂಡನ್‌ನಿಂದ ಬರುವ ಕಟ್ಟಡ ಕಾಮಗಾರಿ ದುಡ್ಡು ಐದು ವರ್ಷದಲ್ಲಿ ಸುಮಾರು ಶೇ. 10ರಷ್ಟು ಕಡಿಮೆಯಾಗುತ್ತೆ, ನಾವೇನು ಮಾಡೋಣ.

ಆರೋಗ್ಯ ಪೂರ್ತಿ ಎಡಿನ್‌ಬರೋದ ಹೊಣೆ ಅಲ್ವಾ? ಹೌದು, ಆದರೆ ದುಡ್ಡಿನ ದೊಡ್ಡ ಪಾಲು ಬಾರ್ನೆಟ್ ಸೂತ್ರದ ಮೂಲಕ ಬರುತ್ತೆ. ಇಂಗ್ಲೆಂಡಿನಲ್ಲಿ ಆಸ್ಪತ್ರೆ, ಶಾಲೆಗೆ ಖರ್ಚು ಹೆಚ್ಚಾದರೆ ಜನಸಂಖ್ಯೆ ಲೆಕ್ಕದಲ್ಲಿ ಸ್ಕಾಟ್ಲೆಂಡಿಗೂ ಹೆಚ್ಚಾಗುತ್ತೆ, ಕಡಿಮೆಯಾದರೆ ಕಡಿಮೆ. ಹಾಗಂತ ಎಡಿನ್‌ಬರೋ ಪೂರ್ತಿ ಕೈ ಚಾಚಿ ಕೂತಿಲ್ಲ. 2017ರಿಂದ ಸಂಬಳದ ಆದಾಯ ತೆರಿಗೆ ದರ ಇಲ್ಲೇ ನಿಗದಿಯಾಗುತ್ತೆ. ನನ್ನ ಸಂಬಳದ ಚೀಟಿಯಲ್ಲಿ ತೆರಿಗೆ ಸಂಕೇತ 'ಎಸ್' ಅಕ್ಷರದಿಂದ ಶುರುವಾಗುತ್ತೆ, ಸ್ಕಾಟ್ಲೆಂಡ್ ಅಂತ.

ಇದನ್ನೆಲ್ಲ ಕೇಳುವಾಗ ನಮ್ಮ ಕರ್ನಾಟಕ ನೆನಪಾಗದೇ ಇರಲ್ಲ. ಕೇಂದ್ರದ ತೆರಿಗೆಯಲ್ಲಿ ರಾಜ್ಯದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ. 4.713 ಇದ್ದದ್ದು 15ನೆಯದರಲ್ಲಿ ಶೇ. 3.647ಕ್ಕೆ ಇಳಿಯಿತು. 2024ರ ಫೆಬ್ರವರಿಯಲ್ಲಿ ಇಡೀ ಸರ್ಕಾರ ದೆಹಲಿಯ ಜಂತರ್ ಮಂತರ್‌ನಲ್ಲಿ ಹೋಗಿ ಕೂತಿತು. ಬರ ಪರಿಹಾರಕ್ಕೆ 18,171 ಕೋಟಿ ರೂಪಾಯಿ ಕೇಳಿ, ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 3,454 ಕೋಟಿ ಬಂತು. ಈ ಅನ್ಯಾಯದ ಮಾತು ಸುಳ್ಳಲ್ಲ. ಆದರೆ ಸದನದಲ್ಲಿ ಇದು ಎಲ್ಲ ಬೀಗಕ್ಕೂ ಆಗುವ ಕೀಲಿಕೈ ಆಗಿಬಿಡುತ್ತೆ. ಶಿರಾಡಿ ಘಾಟಿಯ ಗುಂಡಿ ಬಗ್ಗೆ ಶಾಸಕರು ಕೇಳಿದರೆ ಅದು ರಾಷ್ಟ್ರೀಯ ಹೆದ್ದಾರಿ, ಕೇಂದ್ರಕ್ಕೆ ಬರೆದಿದ್ದೇವೆ. ದೆಹಲಿಯಲ್ಲಿ ಸಂಸದರು ಕೇಳಿದರೆ ರಾಜ್ಯ ಸರ್ಕಾರ ಜಾಗ ಬಿಡಿಸಿಕೊಟ್ಟಿಲ್ಲ. ಮಳೆಗಾಲ ಮಾತ್ರ ಯಾರ ಉತ್ತರಕ್ಕೂ ಕಾಯದೆ ಬರುತ್ತೆ.

ಈಗ ರಸ್ತೆಯ ವಿಷಯಕ್ಕೇ ಬರ್ತೀನಿ. ಎ9 ರಸ್ತೆ.

ಪರ್ತ್‌ನಿಂದ ಉತ್ತರಕ್ಕೆ ಇನ್ವರ್ನೆಸ್‌ವರೆಗಿನ ಹೆದ್ದಾರಿ ಇದು. ಬೆಟ್ಟ, ಹೀದರ್ ಪೊದೆ, ಡ್ರಮಾಕ್ಟರ್ ಕಣಿವೆ, ನೋಡೋಕೆ ತುಂಬಾ ಚೆಂದ. ಓಡಿಸೋಕೆ ಭಯ. ಸ್ವಲ್ಪ ದೂರ ಎರಡೆರಡು ಪಥ, ನಡುವೆ ವಿಭಜಕ. ಇದ್ದಕ್ಕಿದ್ದ ಹಾಗೆ ಒಂದೇ ಪಥವಾಗುತ್ತೆ, ಎದುರಿಂದ ಲಾರಿ ಬರ್ತಿರುತ್ತೆ. ಪ್ರವಾಸಿಗರಿಗೆ ಯಾವಾಗ ಯಾವುದು ಅನ್ನೋದೇ ಗೊಂದಲ. ಮುಂದಿರುವ ಕ್ಯಾರವಾನ್ ಹಿಂದೆ ಮೈಲುಗಟ್ಟಲೆ ಹೋಗಿ ತಾಳ್ಮೆ ಕೆಟ್ಟವರು ಓವರ್‌ಟೇಕ್ ಮಾಡೋಕೆ ಹೋಗುತ್ತಾರೆ. 2014ರಲ್ಲಿ ಸರಾಸರಿ ವೇಗ ಅಳೆಯುವ ಕ್ಯಾಮೆರಾ ಹಾಕಿದರು. ಸಾವು ಆಮೇಲೂ ನಿಂತಿಲ್ಲ.

2011ರಲ್ಲಿ ಸರ್ಕಾರ ಒಂದು ಮಾತು ಕೊಟ್ಟಿತು: ಒಂಟಿ ಪಥವಿರುವ ಸುಮಾರು 80 ಮೈಲಿಯನ್ನೂ 2025ರೊಳಗೆ ಜೋಡಿ ರಸ್ತೆ ಮಾಡುತ್ತೇವೆ. 11 ಭಾಗ ಮಾಡಿಕೊಂಡರು. ಕಿನ್‌ಕ್ರೇಗ್ ಬಳಿಯದ್ದು 2017ರಲ್ಲಿ, ಬರ್ನಮ್ ಬಳಿಯದ್ದು 2021ರಲ್ಲಿ ಮುಗಿಯಿತು. ಉಳಿದ ಒಂಬತ್ತು ಕಾಗದದ ಮೇಲೇ ಇದ್ದವು. ಆದರೂ ಸದನದಲ್ಲಿ ಕೇಳಿದಾಗೆಲ್ಲ ಬದ್ಧರಾಗಿದ್ದೇವೆ ಅನ್ನುವ ಧಾಟಿಯ ಉತ್ತರವೇ ಬರುತ್ತಿತ್ತು.

ಈ ಪ್ರಶ್ನೆಯಲ್ಲಿ ನನಗೆ ಹಿಡಿಸಿದ್ದು ಅದರ ಬಡತನ. ಒಂದು ರಸ್ತೆ, ಒಂದು ಇಸವಿ, ಮಾತು ಕೊಟ್ಟ ಒಂದು ಸರ್ಕಾರ. ಎ9 ಪೂರ್ತಿಯಾಗಿ ಎಡಿನ್‌ಬರೋದ ರಸ್ತೆ. 2025 ಅನ್ನುವ ಇಸವಿ ಲಂಡನ್ ಹೇಳಿದ್ದಲ್ಲ. 2007ರಿಂದ ಅಧಿಕಾರದಲ್ಲಿ ಇರೋದೂ ಒಂದೇ ಪಕ್ಷ. ಹಣದುಬ್ಬರ, ಬ್ರೆಕ್ಸಿಟ್, ಉಕ್ರೇನ್ ಯುದ್ಧ ಎಲ್ಲ ಹೇಳಿದರು. ಆದರೆ 2011ರಿಂದ ಹತ್ತು ವರ್ಷ ಏನು ಮಾಡಿದಿರಿ ಅನ್ನೋದಕ್ಕೆ ಉಕ್ರೇನ್ ಉತ್ತರವಾಗಲ್ಲ.

ಮರ್ಡೊ ಫ್ರೇಜರ್ ಅಂತ ಒಬ್ಬ ಕನ್ಸರ್ವೇಟಿವ್ ಸದಸ್ಯರಿದ್ದಾರೆ. 2001ರಲ್ಲಿ ಸದನಕ್ಕೆ ಬಂದಾಗಿನಿಂದ ವಲಯದ ಸದಸ್ಯರೇ, ಮಿಡ್ ಸ್ಕಾಟ್ಲೆಂಡ್ ಮತ್ತು ಫೈಫ್ ವಲಯ. ಎ9ರ ದಕ್ಷಿಣದ ಭಾಗ ಅವರ ವಲಯದಲ್ಲಿ ಬರುತ್ತೆ. ಈ ರಸ್ತೆ ಬಗ್ಗೆ ಅವರು ಕೇಳಿದ್ದನ್ನೆಲ್ಲ ಒಟ್ಟು ಮಾಡಿದರೆ ದಪ್ಪ ಕಡತವಾದೀತು. ಅವರ ರಾಜಕೀಯ ನನಗೆ ಅಷ್ಟಾಗಿ ಸೇರಲ್ಲ. ಆದರೆ ಒಂದೇ ಪ್ರಶ್ನೆಯನ್ನು ವರ್ಷಗಟ್ಟಲೆ, ಬೇಜಾರಿಲ್ಲದೆ, ಇಸವಿ ಬಿಡದೆ ಕೇಳೋದು ಸಾಮಾನ್ಯ ಕೆಲಸ ಅಲ್ಲ. ನಮ್ಮಲ್ಲಾದರೆ ಎರಡನೇ ಸಲ ಕೇಳಿದರೇ "ಹೋದ ಅಧಿವೇಶನದಲ್ಲೇ ಹೇಳಿದ್ದೀವಲ್ಲ" ಅಂತ ಕೂರಿಸುತ್ತಾರೆ.

ಇದಕ್ಕಿಂತ ಸ್ವಾರಸ್ಯ ಫರ್ಗಸ್ ಯೂಯಿಂಗ್ ಅವರದ್ದು. ಇವರು ಆಗ ಆಡಳಿತ ಪಕ್ಷ ಎಸ್ಎನ್‌ಪಿಯವರೇ ಆಗಿದ್ದರು, ಇನ್ವರ್ನೆಸ್ ಭಾಗದ ಕ್ಷೇತ್ರದಿಂದ 1999ರಿಂದ ಗೆದ್ದು ಬಂದವರು. 2007ರಿಂದ 2021ರವರೆಗೆ ಮಂತ್ರಿ. ಇವರ ತಾಯಿ ವಿನಿ ಯೂಯಿಂಗ್ 1999ರ ಮೇ 12ರಂದು ಹಿರಿಯ ಸದಸ್ಯೆಯಾಗಿ ಎದ್ದು ನಿಂತು, 1707ರ ಮಾರ್ಚ್ 25ರಂದು ಮುಂದೂಡಿದ ಪಾರ್ಲಿಮೆಂಟ್ ಮತ್ತೆ ಸೇರಿದೆ ಅಂತ ಘೋಷಿಸಿದವರು. ಅಂಥ ಮನೆತನ. ಮಂತ್ರಿಗಿರಿ ಹೋದ ಮೇಲೆ ಮಗ ಹಿಂದಿನ ಸಾಲಿಗೆ ಬಂದು ಕೂತು ಸ್ವಂತ ಸರ್ಕಾರವನ್ನೇ ಎ9 ಬಗ್ಗೆ ಹಿಡಿದುಕೊಂಡರು. ಮಂತ್ರಿಯಾಗಿದ್ದಾಗ ಏನು ಮಾಡುತ್ತಿದ್ದಿರಿ ಸ್ವಾಮಿ ಅಂತ ಕೇಳಬೇಕು ಅನ್ನಿಸುತ್ತೆ, ನಿಜ. ಆದರೂ ವಿರೋಧ ಪಕ್ಷದವರು ಕೇಳಿದರೆ ರಾಜಕೀಯ ಅಂತ ತಳ್ಳಿಹಾಕಬಹುದು. ನಿಮ್ಮ ಪಕ್ಕದಲ್ಲೇ ಕೂತಿದ್ದವರು ಕೇಳಿದರೆ?

2023ರ ಮೇ ತಿಂಗಳಲ್ಲಿ ಸಮುದ್ರದ ಶೇ. 10ರಷ್ಟು ಭಾಗದಲ್ಲಿ ಮೀನುಗಾರಿಕೆ ನಿಲ್ಲಿಸುವ ಸರ್ಕಾರದ ಪ್ರಸ್ತಾವದ ಪ್ರತಿಯನ್ನು ಅವರು ಸದನದಲ್ಲೇ ಹರಿದುಹಾಕಿದರು. ಮುಂದಿನ ತಿಂಗಳು ಸರ್ಕಾರ ಆ ಪ್ರಸ್ತಾವ ಕೈಬಿಟ್ಟಿತು. ಅದೇ ತಿಂಗಳು ಬಾಟಲಿ ಯೋಜನೆಗಾಗಿ ಸ್ಲೇಟರ್ ವಿರುದ್ಧ ಬಂದ ಅವಿಶ್ವಾಸ ಗೊತ್ತುವಳಿಗೆ ಪಕ್ಷದ ಮಾತು ಮೀರಿ ಮತ ಹಾಕಿದರು. ಶಿಕ್ಷೆ ಏನು ಗೊತ್ತಾ? ಪಕ್ಷದ ಸದನದ ಗುಂಪಿನಿಂದ ಒಂದು ವಾರ ಅಮಾನತು. ಅಷ್ಟೇ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ವಿಪ್ ಮೀರಿ ಮತ ಹಾಕಿದರೆ ಶಾಸಕ ಸ್ಥಾನವೇ ಹೋಗಬಹುದು. ಪಕ್ಷಾಂತರದ ಕಾಟ ಎಂಥದ್ದು ಅಂತ ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ಬೇಲಿ ಮತಕ್ಕೆ ಮಾತ್ರ ಹಾಕಿದ್ದು. ಪ್ರಶ್ನೆಗೆ ವಿಪ್ ಇಲ್ಲ. ಆಡಳಿತ ಪಕ್ಷದ ಶಾಸಕರು ತಮ್ಮದೇ ಮಂತ್ರಿಯನ್ನು ಗಟ್ಟಿಯಾಗಿ ಕೇಳಿದರೆ ಯಾವ ಕಾನೂನೂ ತಡೆಯಲ್ಲ. ಮುಂದಿನ ಟಿಕೆಟ್ಟಿನ ಚಿಂತೆ ತಡೆಯುತ್ತೆ. ಯೂಯಿಂಗ್ ಕೊನೆಗೆ 2025ರಲ್ಲಿ, ಮುಂದಿನ ಚುನಾವಣೆಗೆ ಪಕ್ಷೇತರನಾಗಿ ನಿಲ್ಲುತ್ತೇನೆ ಅಂದರು.

ಆಡಳಿತ ಪಕ್ಷದವರೆಲ್ಲ ಹಾಗಿಲ್ಲ, ಬಿಡಿ. "ಸರ್ಕಾರದ ಈ ಒಳ್ಳೆಯ ಕೆಲಸದಿಂದ ನನ್ನ ಕ್ಷೇತ್ರಕ್ಕೆ ಆದ ಲಾಭವನ್ನು ಮಂತ್ರಿಗಳು ವಿವರಿಸುವರೇ" ಅನ್ನುವ ಜಾತಿಯ ಪ್ರಶ್ನೆ ಸ್ಕಾಟ್ಲೆಂಡ್ ಪಾರ್ಲಿಮೆಂಟ್ ಇರುವ ಹಾಲಿರೂಡ್‌ನಲ್ಲೂ ಯಥೇಚ್ಛವಾಗಿ ಸಿಗುತ್ತೆ. ಆ ಹೊತ್ತಲ್ಲಿ ನಾನು ಟೀ ಮಾಡಿಕೊಳ್ಳೋಕೆ ಏಳುತ್ತೇನೆ.

2023ರ ಫೆಬ್ರವರಿಯಲ್ಲಿ ಆಗಿನ ಸಾರಿಗೆ ಮಂತ್ರಿ ಜೆನ್ನಿ ಗಿಲ್ರುತ್ ಸದನದಲ್ಲಿ ನಿಂತು 2025 ಇನ್ನು ಸಾಧ್ಯವಿಲ್ಲ ಅಂತ ಒಪ್ಪಿಕೊಂಡರು. ಆಮೇಲೆ ಪಾರ್ಲಿಮೆಂಟಿನ ಅರ್ಜಿ ಸಮಿತಿ ಇದರ ಬೆನ್ನು ಹತ್ತಿತು. ಜನರೊಬ್ಬರು ಕೊಟ್ಟ ಅರ್ಜಿಯಿಂದ ಶುರುವಾದ ವಿಚಾರಣೆ ಅದು, ಸರ್ಕಾರದ ಹಳೇ ಕಡತಗಳವರೆಗೂ ಹೋಯಿತು. ಡಿಸೆಂಬರ್‌ನಲ್ಲಿ ಹೊಸ ವೇಳಾಪಟ್ಟಿ ಬಂತು. ಈ ಸಲ ಒಂದೇ ಇಸವಿ ಕೊಟ್ಟು ಕೂತಿಲ್ಲ. 2030ರ ಕೊನೆಗೆ ಹತ್ತಿರ ಹತ್ತಿರ ಅರ್ಧ, 2033ಕ್ಕೆ ಶೇ. 85, 2035ಕ್ಕೆ ಪೂರ್ತಿ. ಹತ್ತು ವರ್ಷ ಹಿಂದಕ್ಕೆ ಹೋಯಿತಲ್ಲ ಅಂತ ಇನ್ವರ್ನೆಸ್‌ನಲ್ಲಿರುವ ನನ್ನ ಗೆಳೆಯ ಬೈಯುತ್ತಾನೆ. ಅವನ ಕೋಪ ಸರಿಯೇ, ವಾರಕ್ಕೊಮ್ಮೆ ಆ ರಸ್ತೆಯಲ್ಲಿ ಓಡಾಡೋನು ಅವನು. ನನಗೆ ಮಾತ್ರ ಆ ಮೆಟ್ಟಿಲುಗಳು ಮುಖ್ಯ ಅನ್ನಿಸುತ್ತವೆ. ಮೊದಲು ಕೊನೆಯ ಇಸವಿಯೊಂದೇ ಇತ್ತು, ಅದು ಬರುವವರೆಗೆ ಎಲ್ಲರೂ "ದಾರಿಯಲ್ಲಿದ್ದೇವೆ" ಅನ್ನಬಹುದಿತ್ತು. ಈಗ ಉಪಪ್ರಶ್ನೆಗೆ ನಡುನಡುವೆ ಜಾಗ ಸಿಕ್ಕಿದೆ.

ಎಲ್ಲ ಸ್ಥಳೀಯ ಪ್ರಶ್ನೆಗೂ ಈ ಭಾಗ್ಯ ಇಲ್ಲ. ಇನ್ವರ್ನೆಸ್‌ಗಿಂತಲೂ ಉತ್ತರಕ್ಕೆ, ಕೇತ್ನೆಸ್‌ನ ವಿಕ್ ಅನ್ನುವ ಊರಿನ ಆಸ್ಪತ್ರೆಯ ಹೆರಿಗೆ ವಿಭಾಗ 2016ರಿಂದ ಸೂಲಗಿತ್ತಿ ನರ್ಸ್‌ಗಳದ್ದಷ್ಟೇ. ಸ್ವಲ್ಪ ತೊಡಕಿದ್ದರೂ ಬಸುರಿಯರು ನೂರು ಮೈಲಿ ದೂರದ ಇನ್ವರ್ನೆಸ್‌ಗೆ ಹೋಗಬೇಕು, ಚಳಿಗಾಲದಲ್ಲೂ. ಹೈಲ್ಯಾಂಡ್ಸ್ ವಲಯದ ಲೇಬರ್ ಸದಸ್ಯೆ ರೋಡಾ ಗ್ರಾಂಟ್ ಇದನ್ನು ಬಿಡದೆ ಕೇಳುತ್ತಾ ಬಂದವರು. ಆದರೆ ಇಲ್ಲಿ ಯಾರೂ ಇಸವಿ ಕೊಟ್ಟಿಲ್ಲ. ಸುರಕ್ಷತೆಗಾಗಿ ಈ ತೀರ್ಮಾನ ಅನ್ನುತ್ತಾರೆ, ತಜ್ಞ ವೈದ್ಯರು ಅಷ್ಟು ದೂರ ಬಂದು ನಿಲ್ಲಲ್ಲ ಅನ್ನುತ್ತಾರೆ. ಎರಡೂ ಸುಳ್ಳಲ್ಲ. ಹಿಡಿದುಕೊಳ್ಳೋಕೆ ಅಂಚೇ ಇಲ್ಲದ ಪ್ರಶ್ನೆ ಇದು. ರಸ್ತೆಯವರಿಗೆ ಕನಿಷ್ಠ 2025 ಅನ್ನುವ ಒಂದು ಅಂಕಿ ಸಿಕ್ಕಿತ್ತು.

ಎ9ರ ಮುಂದಿನ ತುಂಡು ಟೊಮಾಟಿನ್‌ನಿಂದ ಮೋಯ್‌ವರೆಗಿನ ಸುಮಾರು ಆರು ಮೈಲಿ. 2024ರ ಬೇಸಿಗೆಯಲ್ಲಿ ಅದರ ಗುತ್ತಿಗೆ ಕೊಟ್ಟರು. ಗೆಳೆಯನಿಗೆ ಇದನ್ನು ಹೇಳಿದರೆ, "ಅದಾದ ಮೇಲೆ ಯಾವುದು, ಯಾವಾಗ?" ಅಂತ ಕೇಳಿದ. ನನ್ನನ್ನಲ್ಲ, ನಿನ್ನ ವಲಯದವರನ್ನ ಕೇಳು, ನಿನಗೂ ಏಳು ಜನ ಇದ್ದಾರೆ ಅಂದೆ.